ಇಲ್ಲದುದನ್ನು ಕಾಣುವ ಕಣ್ಣು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಈ ಗಾದೆಯನ್ನು ನಾವು ಬಾಯಲ್ಲಿ ಆಡುತ್ತೇವೆಯೇ ಹೊರತು ಬಾಳಿನಲ್ಲಿ ಆಚರಿಸುವುದು ಅಪೂರ್ವ. ಕಿವಿಯಿಂದ ಕೇಳಿದುದನ್ನು ಸಂದೇಹಿಸುತ್ತೇವೆ. ಕಣ್ಣಿಂದ ಕಂಡುದನ್ನು ನಂಬುತ್ತೇವೆ. ನ್ಯಾಯಸ್ಥಾನದಲ್ಲಿ ಸಹ ಕಣ್ಣಾರೆ ಕಂಡವನ ಸಾಕ್ಷ್ಯಕ್ಕೆ ಮೊದಲ ಮಣೆ. ಹೀಗಿರುವಲ್ಲಿ, ಬುದ್ಧಿ ಸ್ವಸ್ಥವಾಗಿರುವ, ಸುಳ್ಳಾಡಬೇಕಾದ ಪ್ರಸಕ್ತಿಯೇ ಇಲ್ಲದ ಒಬ್ಬ ಮನುಷ್ಯರು ಹಾಡುಹಗಲಿನಲ್ಲಿ, ಎಚ್ಚತ್ತಿದ್ದುಕೊಂಡೇ, ಬೇರೆ ಯಾರಿಗೂ ಕಾಣದ ಜನರನ್ನೂ ವಸ್ತುಗಳನ್ನೂ ತಾವು ಕಾಣುತ್ತಿರುವುದಾಗಿ ಹೇಳಿದರೆ ಅವರನ್ನು ನಾವು ಏನೆಂದು ತಿಳಿಯಬೇಕು? ವಾಡಿಕೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಒಂದು, ಹುಚ್ಚು, ಇನ್ನೊಂದು, ಗಾಳಿ ಸೋಂಕು. ಈ ಎರಡೂ ಅಲ್ಲದ ಮೂರನೆಯ ಉತ್ತರವೊಂದುಂಟು. ಅದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ವೃದ್ಧರು ಬಾಯಿ ಕಟ್ಟಿಕೊಂಡು ಕೊರಗುತ್ತಾರೆ. ಆ ಮೂರನೆಯ ಉತ್ತರವನ್ನು ಶ್ರೋತೃಗಳ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ಈ ವಿಷಯದತ್ತ ನಮ್ಮ ಗಮನ ಹರಿದುದು ಪುಸ್ತಕದಿಂದಲ್ಲ, ಮನೆಯಿಂದ. ನಮ್ಮ ಸೋದರತ್ತೆಯೊಬ್ಬರು ಎಂಬತ್ತನ್ನು ದಾಟಿದವರು. ಅಕ್ಷಿಪಟಲದ ನಡುಭಾಗ ಸವೆದು ಅವರ ದೃಷ್ಟಿ ಬಹಳ ಕುಂದಿತ್ತು. ಎದುರಿಗೆ ನಿಂತವರ ಮುಖ ಒರಸಿಹೋದಂತೆ ಕಾಣುತ್ತಿತ್ತು. ಅಂಚಿನ ವಸ್ತುಗಳು ಮಾತ್ರ ಮಸಕಾಗಿ ತಿಳಿಯುತ್ತಿದ್ದುವು. ಆದರೆ ಲೆಕ್ಕಾಚಾರದಲ್ಲಾಗಲಿ ನೆಂಟರಿಷ್ಟರ ವಂಶಾವಳಿಯಲ್ಲಾಗಲಿ ಅವರನ್ನು ತಪ್ಪಿಸುವವರಿರಲಿಲ್ಲ. ಇಂಥವರು ಸಂಜೆಯ ಹೊತ್ತು ಜಗಲಿಗೆ ಬಂದು ಕುಳಿತುಕೊಳ್ಳುವುದನ್ನು ಇದ್ದಕ್ಕಿದ್ದಂತೆ ಬಿಟ್ಟರು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾದರು. ಒಂದು ದಿನ ಹತ್ತಿರ ಯಾರೂ ಇಲ್ಲದಾಗ ಅವರು ನಮ್ಮನ್ನು ಕರೆದು ಮೆಲ್ಲಗೆ ಕೇಳಿದರು: “ಮಗು, ಅಂಗಳದಲ್ಲಿ ಮಕ್ಕಳು ಕೂತಿವೆಯೇನಪ್ಪ?”

“ಇಲ್ಲವಲ್ಲ ಅತ್ತೆ, ಯಾಕೆ?” ಎಂದೆವು.

“ಹಾಗಾದರೆ ಯಾರಿಗೂ ಹೇಳಬೇಡ” ಎಂದರು.

ಆಮೇಲೆ ಒಂದೊಂದಾಗಿ ಸಂಗತಿಗಳು ಹೊರಬಿದ್ದುವು. ಎಂಟು ತಿಂಗಳಿನಿಂದ ಅವರಿಗೆ ಅಂಗಳದಲ್ಲಿ ಏಳೆಂಟು ಮಕ್ಕಳು ಸಾಲಾಗಿ ಕುಳಿತಿರುವಂತೆ ಕಾಣುತ್ತಿತ್ತು. ಎಲ್ಲರಿಗೂ ಹಸುರು, ಕೆಂಪು ಬಣ್ಣದ ರೇಷ್ಮೆ ಬಟ್ಟೆ. ನಿಜವಾದ ಮೊಮ್ಮಕ್ಕಳ ಮುಖವನ್ನು ಗುರುತಿಸಲಾರದ ಕಣ್ಣಿಗೆ ಈ ಮಕ್ಕಳ ಬಟ್ಟೆಯ ಅಂಚಿನ ಜರಿ ಸಹ ಎಣಿಸುವಷ್ಟು ಸ್ಪಷ್ಟ. ಅವರು ಮಾತನಾಡುವುದಿಲ್ಲ, ನಗುವುದಿಲ್ಲ, ಅತ್ತೆಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ಅತ್ತೆ ಸುಮ್ಮನೆ ಬೆದರಿ ಕುಳಿತವರಲ್ಲ, ಪ್ರಮಾಣಿಸಿಯೂ ನೋಡಿದ್ದರು. ಒಂದು ಹಿಡಿ ಕಡಲೆಪುರಿಯನ್ನು ಅಂಗಳಕ್ಕೆ ಎರಚಿದ್ದರಂತೆ. “ಮಕ್ಕಳೇ ಆಗಿದ್ದರೆ ಪುರಿಗೆ ಕೈ ಚಾಚದೆ ಇರುತ್ತಿದ್ದವೇನಪ್ಪ?” ಎಂಬುದು ಅವರ ತರ್ಕ. ಅವು ನಿಜವಲ್ಲವೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದುದು ತಮಗೆ ಏನಾಗಿದೆಯೆಂಬುದು. ಆಗ ಅವರ ಮೊಮ್ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿತ್ತು. ಅಜ್ಜಿಗೆ ಬುದ್ಧಿ ಕೆಟ್ಟಿದೆಯೆಂಬ ಮಾತು ಬೀಗರ ಕಿವಿಗೆ ಬಿದ್ದರೆ ಸಂಬಂಧ ಮುರಿದೀತೆಂದು ಎಂಟು ತಿಂಗಳು ತುಟಿ ಬಿಚ್ಚಿರಲಿಲ್ಲ.

ನಾವಾದರೋ ಕಾಲೇಜಿನಲ್ಲಿ ಪಾಠ ಹೇಳುವವರು. ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ, ನಮ್ಮ ಮನಸ್ಸಿಗೂ ಮೊದಲು ತೋರಿದುದು ಹುಚ್ಚೆಂಬ ಪದವೇ. ಮೊದಲು ತೋರಿಸಿದ ವೈದ್ಯರೊಬ್ಬರು ಪೂರ್ತಿ ಕೇಳದೆಯೇ ನಿದ್ರೆಯ ಮಾತ್ರೆ ಬರೆದುಕೊಟ್ಟರು. ಅತ್ತೆ ಹಗಲೆಲ್ಲ ತೂಕಡಿಸಿದರು. ಅಂಗಳದ ಮಕ್ಕಳು ಮಾತ್ರ ಎದ್ದು ಹೋಗಲಿಲ್ಲ. ಕೊನೆಗೆ ನೇತ್ರವೈದ್ಯರೊಬ್ಬರು ಸಾವಧಾನವಾಗಿ ಎಲ್ಲವನ್ನೂ ಕೇಳಿ ಒಂದು ಪ್ರಶ್ನೆ ಹಾಕಿದರು: “ಆ ಮಕ್ಕಳ ಸದ್ದು ಏನಾದರೂ ಕೇಳಿಸುತ್ತದೆಯೇ ಅಮ್ಮ?” “ಇಲ್ಲ” ಎಂದು ಅತ್ತೆ ಹೇಳಲು, ಅವರು ಮುಗುಳ್ನಕ್ಕು ಎರಡೂವರೆ ಶತಮಾನದ ಹಿಂದಿನ ಒಬ್ಬ ಮುದುಕನ ಕಥೆಯನ್ನು ಆರಂಭಿಸಿದರು.

ಆ ಕಥೆ ನಡೆದುದು ಜಿನೀವಾ ನಗರದಲ್ಲಿ. ಅಲ್ಲಿ ಷಾರ್ಲ್ ಲ್ಯುಲ್ಲಾಂ ಎಂಬ ನಿವೃತ್ತ ನ್ಯಾಯಾಧಿಕಾರಿಯಿದ್ದನು. ವಯಸ್ಸು ತೊಂಬತ್ತರ ಹತ್ತಿರ. ಎರಡು ಕಣ್ಣುಗಳಿಗೂ ಪೊರೆಯ ಶಸ್ತ್ರಚಿಕಿತ್ಸೆ ನಡೆದಿದ್ದರೂ ದೃಷ್ಟಿ ಮತ್ತೆ ಕುಂದಿತ್ತು. ೧೭೫೮ರಲ್ಲಿ ಅವನಿಗೆ ವಿಚಿತ್ರ ನೋಟಗಳು ತೋರಲಾರಂಭಿಸಿದುವು. ಮೊದಲು ಕಂಡುದು ಒಂದು ನೀಲಿಯ ಕರವಸ್ತ್ರ. ಮೂಲೆಗಳಲ್ಲಿ ಹಳದಿಯ ಬೊಟ್ಟು. ಕಣ್ಣು ಹೊರಳಿದ ಕಡೆಗೆ ಅದೂ ಹೊರಳುತ್ತಿತ್ತು. ಮುಂದೆ ಹಕ್ಕಿಗಳು, ಗಾಡಿಗಳು, ಕಟ್ಟಡಗಳು, ಸೊಗಸಾಗಿ ತಲೆ ಬಾಚಿದ ಹೆಂಗಸರು ಬಂದರು. ಒಮ್ಮೆ ಮೊಮ್ಮಕ್ಕಳಾದ ಇಬ್ಬರು ಹುಡುಗಿಯರು ನೋಡಲು ಬಂದಾಗ ಅವರ ಬಳಿ ಬೆಲೆಬಾಳುವ ನಿಲುವಂಗಿ ತೊಟ್ಟ ಇಬ್ಬರು ತರುಣರು ನಿಂತಿರುವಂತೆ ಅವನಿಗೆ ತೋರಿತು. ಇಷ್ಟು ಚೆಲುವರಾದ ಅತಿಥಿಗಳನ್ನು ಕರೆತರುವುದನ್ನು ಮೊದಲೇ ಏಕೆ ತಿಳಿಸಲಿಲ್ಲವೆಂದು ಅವನು ಕೇಳಿದನು. ತಮ್ಮ ಜೊತೆ ಯಾರೂ ಬಂದಿಲ್ಲವೆಂದು ಹುಡುಗಿಯರು ಹೇಳಲು, ಇದೂ ತನ್ನ ಕಣ್ಣಿನ ಆಟವೇ ಎಂದು ಮುದುಕನು ತಿಳಿದುಕೊಂಡನು.

ಈ ಲ್ಯುಲ್ಲಾಂನ ಮೊಮ್ಮಗನೇ ಷಾರ್ಲ್ ಬೊನೆ. ೧೭೨೦ರಲ್ಲಿ ಹುಟ್ಟಿ ೧೭೯೩ರಲ್ಲಿ ತೀರಿಕೊಂಡ ಈತನು ಪ್ರಕೃತಿ ವಿಜ್ಞಾನಿ. ಗಿಡಹೇನುಗಳಲ್ಲಿ ಹೆಣ್ಣು ಗಂಡಿನ ಸಂಪರ್ಕವಿಲ್ಲದೆಯೇ ಸಂತಾನ ಪಡೆಯಬಲ್ಲದೆಂದು ಹುಡುಗುತನದಲ್ಲೇ ತೋರಿಸಿ ಕೀರ್ತಿ ಪಡೆದವನು. ಹೇನನ್ನು ಎಷ್ಟು ತಾಳ್ಮೆಯಿಂದ ನೋಡಿದ್ದನೋ ಅಜ್ಜನ ಮಾತನ್ನೂ ಅಷ್ಟೇ ತಾಳ್ಮೆಯಿಂದ ಕೇಳಿದನು. ಅಜ್ಜನು ೧೭೫೯ರಲ್ಲಿ ತನ್ನ ಅನುಭವಗಳನ್ನು ಹೇಳಿ ಬರೆಯಿಸಿದನು. ಬೊನೆ ೧೭೬೦ರಲ್ಲಿ ಮನಸ್ಸಿನ ಶಕ್ತಿಗಳನ್ನು ಕುರಿತು ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದರ ಸಾರವನ್ನು ಸೇರಿಸಿದನು. ಆರೋಗ್ಯ, ವಿವೇಕ, ಜ್ಞಾಪಕಶಕ್ತಿ ಎಲ್ಲವೂ ನೆಟ್ಟಗಿದ್ದ ಮನುಷ್ಯನಿಗೂ ಇಂಥ ನೋಟಗಳು ಬರಬಲ್ಲುವೆಂಬುದನ್ನು ಅವನು ಒತ್ತಿ ಹೇಳಿದ್ದಾನೆ. ಮುಂದೆ ತನ್ನ ಕಣ್ಣೂ ಕುಂದಿದಾಗ ಬೊನೆಗೆ ಇದೇ ಅನುಭವವಾಯಿತು. ಅಜ್ಜನ ಮೂಲ ಹೇಳಿಕೆ ಬಹುಕಾಲ ಕಣ್ಮರೆಯಾಗಿದ್ದು ೧೯೦೨ರಲ್ಲಿ ಅಚ್ಚಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಜಿನೀವಾದವರೇ ಆದ ನರವೈದ್ಯ ಜಾರ್ಜ್ ದ ಮಾರ್ಸಿಯೆ ಈ ಸ್ಥಿತಿಗೆ ಬೊನೆಯ ಹೆಸರನ್ನಿಟ್ಟರು. ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಎಂದು ವೈದ್ಯರು ಕರೆಯುವುದು ಇದನ್ನೇ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮಸಕು ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಕಾಣುವುದು ನಮ್ಮ ವೇದಾಂತಿಗಳಿಗೆ ಬಹು ಪರಿಚಿತವಾದ ದೃಷ್ಟಾಂತ. ಅಲ್ಲಿ ಹಾವು ಸುಳ್ಳಾದರೂ ಹಗ್ಗ ನಿಜ. ಭ್ರಾಂತಿಗೆ ಒಂದು ಅಧಿಷ್ಠಾನವಿದೆ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ಗಾಳಿಯಲ್ಲಿ ಕಂಡ ಕಠಾರಿಯಾದರೋ ಬೇರೆ ಜಾತಿಯದು. ಅಲ್ಲಿ ಕಠಾರಿಯೆಂದು ಮೋಸಹೋಗುವುದಕ್ಕೆ ಒಂದು ಕಡ್ಡಿಯೂ ಇರಲಿಲ್ಲ. ಅಧಿಷ್ಠಾನವಿರುವ ಮೊದಲನೆಯದನ್ನು ಭ್ರಾಂತಿಯೆಂದೂ, ಅದಿಲ್ಲದ ಎರಡನೆಯದನ್ನು ಮಿಥ್ಯಾದರ್ಶನವೆಂದೂ ಕರೆಯೋಣ. ಪಶ್ಚಿಮದಲ್ಲಿ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದವರು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಎಸ್ಕಿರಾಲ್.

ನಮ್ಮ ಪ್ರಾಚೀನರೂ ಇದನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ, ದೋಷವು ಕಣ್ಣಿನ ಎರಡನೆಯ ಪಟಲವನ್ನು ಸೇರಿದಾಗ ರೋಗಿಗೆ ನೊಣ, ಸೊಳ್ಳೆ, ಕೂದಲು, ಬಲೆ, ಮಂಡಲ, ಪತಾಕೆ, ಕುಂಡಲ ಮೊದಲಾದುವು ತೋರುತ್ತವೆಂದು ಹೇಳಿದೆ. ಇವುಗಳಲ್ಲಿ ಕೆಲವು ಕಣ್ಣೊಳಗಿನ ದ್ರವದಲ್ಲಿ ತೇಲುವ ಎಳೆಗಳ ನೆರಳೆಂದು ಇಂದಿನ ವೈದ್ಯರು ಹೇಳಿಯಾರು. ಆದರೆ ನಾವು ಮೆಚ್ಚಬೇಕಾದುದು ಬೇರೊಂದು ಸಂಗತಿಯನ್ನು. ಅದೇ ಉತ್ತರತಂತ್ರದಲ್ಲಿ ಅಮಾನುಷ ಬಾಧೆಗೂ ಉನ್ಮಾದಕ್ಕೂ ಬೇರೆ ಅಧ್ಯಾಯಗಳಿವೆ. ಹಾಗಿದ್ದರೂ ಗ್ರಂಥಕಾರನು ಈ ನೊಣ, ಪತಾಕೆಗಳನ್ನು ಭೂತದ ತಲೆಗೂ ಕಟ್ಟಲಿಲ್ಲ, ಹುಚ್ಚಿನ ತಲೆಗೂ ಕಟ್ಟಲಿಲ್ಲ. ಕಣ್ಣಿನ ರೋಗದ ಲೆಕ್ಕಕ್ಕೆ ಸೇರಿಸಿದನು. ಬೌದ್ಧಾಚಾರ್ಯ ವಸುಬಂಧು ಸಹ ತನ್ನ ವಿಂಶತಿಕೆಯಲ್ಲಿ, ಹೊರಗೆ ವಸ್ತುವಿಲ್ಲದೆಯೂ ನೋಟವುಂಟಾಗುವುದಕ್ಕೆ ತಿಮಿರ ರೋಗಿಗೆ ತೋರುವ ಕೂದಲನ್ನೇ ನಿದರ್ಶನವಾಗಿ ಕೊಟ್ಟನು.

ಹಾಗಾದರೆ ಕುಂದಿದ ಕಣ್ಣಿಗೆ ಇಲ್ಲದ ಮಕ್ಕಳು ಕಾಣುವುದು ಹೇಗೆ? ಇದಕ್ಕೆ ಮೊದಲು, ನೆಟ್ಟಗಿರುವ ಕಣ್ಣಿಗೆ ಇರುವ ಮಕ್ಕಳು ಕಾಣುವುದು ಹೇಗೆಂದು ಕೇಳಿಕೊಳ್ಳಬೇಕು. ಕಣ್ಣು ಕಿಟಕಿ, ಮನಸ್ಸು ಅದರ ಹಿಂದೆ ಕುಳಿತು ಹೊರಗೆ ನೋಡುತ್ತದೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಕಣ್ಣು ಕಳುಹಿಸುವುದು ಚಿತ್ರವನ್ನಲ್ಲ. ನರದ ಮೂಲಕ ಸಂಜ್ಞೆಗಳನ್ನು. ಆ ಸಂಜ್ಞೆಗಳಿಂದ ಚಿತ್ರವನ್ನು ಕಟ್ಟುವುದು ಮಿದುಳಿನ ಕೆಲಸ, ಅದರಲ್ಲೂ ತಲೆಯ ಹಿಂಭಾಗದ ಮಿದುಳಿನ ಕೆಲಸ. ಕಟ್ಟುವಾಗ ಮಿದುಳು ತನ್ನ ಊಹೆಯನ್ನೂ ಧಾರಾಳವಾಗಿ ಬೆರಸುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ, ಕಾಣುವುದೆಂದರೆ ನಮಗೆ ಅರಿವಾಗದಂತೆ ನಡೆಯುವ ಅನುಮಾನವೆಂದು ಹೇಳಿದನು.

ಶ್ರೋತೃಗಳು ಇದನ್ನು ಈಗಲೇ ಪರೀಕ್ಷಿಸಬಹುದು. ಒಂದು ಹಾಳೆಯ ಮೇಲೆ ಮೂರು ಅಂಗುಲ ಅಂತರದಲ್ಲಿ ಅಕ್ಕಪಕ್ಕ ಎರಡು ಚುಕ್ಕೆಗಳನ್ನಿಡಿ. ಎಡಗಣ್ಣನ್ನು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಚುಕ್ಕೆಯನ್ನೇ ನೆಟ್ಟು ನೋಡುತ್ತ ಹಾಳೆಯನ್ನು ನಿಧಾನವಾಗಿ ಹತ್ತಿರಕ್ಕೆ ತನ್ನಿ. ಸುಮಾರು ಒಂದಡಿ ದೂರಕ್ಕೆ ಬಂದಾಗ ಬಲಗಡೆಯ ಚುಕ್ಕೆ ಮಾಯವಾಗುತ್ತದೆ. ನರವು ಕಣ್ಣನ್ನು ಬಿಟ್ಟು ಹೊರಡುವ ಜಾಗದಲ್ಲಿ ಕಾಣುವ ಶಕ್ತಿಯಿಲ್ಲ. ಚುಕ್ಕೆಯ ಬಿಂಬ ಅಲ್ಲಿ ಬಿದ್ದಿತು. ಆದರೆ ಆ ಸ್ಥಳದಲ್ಲಿ ನಿಮಗೆ ಕಪ್ಪು ತೂತು ಕಾಣಲಿಲ್ಲ. ಹಾಳೆಯ ಬಿಳಿಯೇ ಕಂಡಿತು. ಆ ಬಿಳಿಯನ್ನು ನಿಮ್ಮ ಕಣ್ಣು ನೋಡಲಿಲ್ಲ, ಮಿದುಳು ತುಂಬಿಕೊಟ್ಟಿತು. ಹೀಗೆ ಇಲ್ಲದುದನ್ನು ತುಂಬಿಕೊಳ್ಳುವ ಕಸಬು ನಮ್ಮೆಲ್ಲರಲ್ಲಿಯೂ ಹುಟ್ಟಿನಿಂದಲೇ ಇದೆ.

ಈಗ ಕಣ್ಣಿನಿಂದ ಬರುವ ಸಂಜ್ಞೆ ಬಹುಪಾಲು ನಿಂತುಹೋಯಿತೆಂದು ಭಾವಿಸಿರಿ. ಮಿದುಳಿನ ಆ ಭಾಗ ಕೆಲಸವಿಲ್ಲವೆಂದು ಮಲಗುವುದಿಲ್ಲ; ತನ್ನಷ್ಟಕ್ಕೆ ತಾನೇ ಚಟುವಟಿಕೆಯಲ್ಲಿ ತೊಡಗುತ್ತದೆ. ಬಾನುಲಿ ಯಂತ್ರವನ್ನು ಯಾವ ನಿಲಯಕ್ಕೂ ತಿರುಗಿಸದೆ ಬಿಟ್ಟರೆ ಅದು ಮೌನವಾಗಿರದೆ ತನ್ನದೇ ಆದ ಮೊರೆತವನ್ನು ಹೊರಡಿಸುತ್ತದೆಯಷ್ಟೆ. ಮಿದುಳು ಆ ಮೊರೆತದಿಂದ ರಾಗವನ್ನೇ ಹೆಣೆದುಬಿಡುವ ಯಂತ್ರ. ೧೯೩೫ರಲ್ಲಿ ಮೈಸೂರಿನ ಬಾನುಲಿಯನ್ನು ಆರಂಭಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನೆನೆದು ಈ ಉಪಮಾನದ ಸಲಿಗೆಯನ್ನು ತೆಗೆದುಕೊಂಡಿದ್ದೇವೆ.

ಇದು ಬರಿಯ ಉಪಮಾನವಲ್ಲ, ಪ್ರಯೋಗಗಳ ಆಧಾರವುಂಟು. ಲಂಡನ್ನಿನ ಡೊಮಿನಿಕ್ ಫಿಚ್ ಮತ್ತು ಅವರ ಸಹೋದ್ಯೋಗಿಗಳು ಇಂಥ ರೋಗಿಗಳ ಮಿದುಳಿನ ಚಟುವಟಿಕೆಯನ್ನು ಕಾಂತೀಯ ಯಂತ್ರದಿಂದ ಪರೀಕ್ಷಿಸಿ ೧೯೯೮ರಲ್ಲಿ ವರದಿ ಮಾಡಿದರು. ರೋಗಿಗೆ ಬಣ್ಣಗಳು ತೋರುವ ಸಮಯದಲ್ಲಿ ಮಿದುಳಿನಲ್ಲಿ ಬಣ್ಣವನ್ನು ಗ್ರಹಿಸುವ ಭಾಗವೂ, ಮುಖಗಳು ತೋರುವ ಸಮಯದಲ್ಲಿ ಮುಖವನ್ನು ಗ್ರಹಿಸುವ ಭಾಗವೂ ಚುರುಕಾಗುತ್ತಿದ್ದುವು. ರೋಗಿ “ಕಾಣುತ್ತಿದೆ” ಎಂದು ಹೇಳುವುದು ಕಲ್ಪನೆಯಲ್ಲ, ನಟನೆಯಲ್ಲ. ನಿಜವಾಗಿಯೂ ಕಾಣುವಾಗ ನಡೆಯುವಂಥ ವ್ಯಾಪಾರವೇ ಅಲ್ಲಿಯೂ ನಡೆಯುತ್ತಿದೆ. ೨೦೦೪ರಲ್ಲಿ ಅಮೆರಿಕದಿಂದ ಇನ್ನೊಂದು ವರದಿ ಬಂದಿತು. ಕಣ್ಣು ಚೆನ್ನಾಗಿದ್ದ ೧೩ ಮಂದಿಗೆ ಐದು ದಿನಗಳ ಕಾಲ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ಅವರಲ್ಲಿ ೧೦ ಮಂದಿಗೆ ಬೆಳಕಿನ ಕಿಡಿಗಳಿಂದ ಮೊದಲ್ಗೊಂಡು ಮುಖಗಳು, ಭೂದೃಶ್ಯಗಳವರೆಗೆ ಏನಾದರೊಂದು ತೋರಿತು. ಕಾಲನ್ನು ಕಳೆದುಕೊಂಡವನಿಗೆ ಇಲ್ಲದ ಪಾದ ತುರಿಸುವುದುಂಟು. ಇದೂ ಅದರ ಸೋದರ ಸಂಬಂಧಿಯೆಂದು ತಿಳಿಯಬಹುದು.

ಈ ನೋಟಗಳಿಗೆ ತಮ್ಮದೇ ಆದ ಲಕ್ಷಣಗಳಿವೆ. ಅವು ಮೂಕ. ಅಪರಿಚಿತ. ನೋಡುವವರ ಗೊಡವೆಗೆ ಬರುವುದಿಲ್ಲ. ಇಟ್ಟಿಗೆಯ ಸಾಲಿನಂಥ, ಜಾಲರಿಯಂಥ ವಿನ್ಯಾಸಗಳಾಗಿ ಬರಬಹುದು. ವಿಚಿತ್ರ ಉಡುಪಿನ ಜನರಾಗಿ ಬರಬಹುದು. ಸ್ವಿಫ್ಟನ ಲಿಲಿಪುಟ್ಟಿನವರಂತೆ ಗೇಣುದ್ದದ ಮನುಷ್ಯರೂ ಬರುವುದುಂಟು. ಸಂಜೆಯ ಮಂದ ಬೆಳಕಿನಲ್ಲಿ, ಸುಮ್ಮನೆ ಕುಳಿತಿರುವಾಗ ಹೆಚ್ಚು. ಮುಖ್ಯವಾದುದೆಂದರೆ, ಇವು ನಿಜವಲ್ಲವೆಂಬ ಅರಿವು ಕಾಣುವವರಿಗೆ ಇರುತ್ತದೆ, ಅಥವಾ ತಿಳಿಯಹೇಳಿದರೆ ಬರುತ್ತದೆ. ನೆದರ್ಲೆಂಡ್ಸಿನ ವೈದ್ಯರು ೧೯೯೬ರಲ್ಲಿ ಇಂಥ ೬೦ ಮಂದಿಯ ವಿಚಾರ ಪ್ರಕಟಿಸಿದಾಗ, ಅವರಲ್ಲಿ ಬಹುಮಂದಿ ಅಲ್ಲಿಯವರೆಗೆ ಯಾವ ವೈದ್ಯನಿಗೂ ಇದನ್ನು ತಿಳಿಸಿರಲೇ ಇಲ್ಲವೆಂಬುದು ಹೊರಬಿದ್ದಿತು. ನಮ್ಮ ಅತ್ತೆಯ ಭಯ ಅವರ ಭಯವೂ ಆಗಿತ್ತು.

ಹಾಗೆಂದು ಎಲ್ಲ ಮಿಥ್ಯಾದರ್ಶನಕ್ಕೂ ಇದೊಂದೇ ಕಾರಣವೆಂದು ಯಾರೂ ತಿಳಿಯಬಾರದು. ಜ್ವರದ ಸನ್ನಿಯಲ್ಲಿ, ಕುಡಿತಕ್ಕೆ ಒಗ್ಗಿದವರು ಅದನ್ನು ಥಟ್ಟನೆ ನಿಲ್ಲಿಸಿದಾಗ, ಕೆಲವು ಔಷಧಿಗಳ ಪರಿಣಾಮದಿಂದ, ಅಪಸ್ಮಾರದಲ್ಲಿ, ಪಾರ್ಕಿನ್‌ಸನ್ ರೋಗದಲ್ಲಿ, ಮುಪ್ಪಿನ ಮರೆವಿನ ಕೆಲವು ಬಗೆಗಳಲ್ಲಿ ಸಹ ನೋಟಗಳು ಬರುತ್ತವೆ. ಅರೆತಲೆನೋವಿಗೆ ಮುಂಚೆ ಕೋಟೆಯ ಗೋಡೆಯಂತೆ ಅಂಕುಡೊಂಕಾಗಿ ಹೊಳೆಯುವ ಗೆರೆ ಕಾಣುವುದು ಅನೇಕರ ಅನುಭವ. ನಿದ್ರೆ ಹತ್ತುವ ಮುನ್ನ ಮುಖಗಳು ತೇಲಿಬರುವುದು ಆರೋಗ್ಯವಂತರಿಗೂ ಉಂಟು. ಬರ್ಲಿನ್ನಿನ ಪುಸ್ತಕ ವ್ಯಾಪಾರಿ ನಿಕೊಲಾಯ್ ೧೭೯೧ರಲ್ಲಿ, ಮನಃಕ್ಲೇಶದ ಕಾಲದಲ್ಲಿ, ಮನೆಯ ತುಂಬ ಛಾಯಾಪುರುಷರನ್ನು ಕಂಡು, ಅವರನ್ನು ಗಮನಿಸಿ, ತನ್ನ ಅನುಭವವನ್ನು ೧೭೯೯ರಲ್ಲಿ ಅಲ್ಲಿಯ ವಿದ್ವತ್ಸಭೆಯ ಮುಂದೆ ಓದಿದನು.

ದುಃಖಕ್ಕೂ ಈ ಶಕ್ತಿಯುಂಟು. ವೇಲ್ಸ್ ದೇಶದ ವೈದ್ಯ ಡೀವಿ ರೀಸ್ ಅವರು, ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡ ೨೯೩ ಮಂದಿಯನ್ನು ವಿಚಾರಿಸಿ ೧೯೭೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೆಚ್ಚುಕಡಮೆ ಅರ್ಧದಷ್ಟು ಜನಕ್ಕೆ ತೀರಿಹೋದವರ ಸಾನ್ನಿಧ್ಯದ ಅನುಭವವಾಗಿತ್ತೆಂದು ತಿಳಿಸಿದರು. ನೂರಕ್ಕೆ ಹದಿನಾಲ್ಕರಷ್ಟು ಮಂದಿಗೆ ಅವರು ಕಣ್ಣಿಗೆ ಕಂಡಿದ್ದರು. ಬಹುಮಂದಿಗೆ ಅದು ಸಾಂತ್ವನವನ್ನೇ ತಂದಿತ್ತು. ತೀರಿಕೊಂಡ ಯಜಮಾನರು ಹಜಾರದ ಕುರ್ಚಿಯಲ್ಲಿ ಕುಳಿತಂತೆ ಕಂಡಿತೆಂದು ವೃದ್ಧೆಯೊಬ್ಬರು ಹೇಳಿದರೆ ಗದರಿಸಬೇಕಾದುದೂ ಇಲ್ಲ, ಶಾಂತಿ ಮಾಡಿಸಲು ಓಡಬೇಕಾದುದೂ ಇಲ್ಲ. ಭಕ್ತರ ದರ್ಶನಗಳ ವಿಚಾರಕ್ಕೆ ನಾವು ಕೈಹಾಕುವುದಿಲ್ಲ. ಅದರ ಬೆಲೆಯನ್ನು ಕಟ್ಟುವ ತಕ್ಕಡಿ ಬೇರೆ.

ಇನ್ನು ಮನೆಯವರು ಮಾಡತಕ್ಕದ್ದೇನು? ಮೊದಲನೆಯದಾಗಿ, ಕೇಳಬೇಕು. ದೃಷ್ಟಿ ಕುಂದಿದ ಹಿರಿಯರಿದ್ದರೆ, “ಇಲ್ಲದ ವಸ್ತು ಏನಾದರೂ ಕಾಣುತ್ತದೆಯೆ? ಕಣ್ಣು ಮಂಜಾದ ಕೆಲವರಿಗೆ ಹಾಗೆ ಆಗುತ್ತದಂತೆ” ಎಂದು ನಾವೇ ಮಾತು ತೆಗೆಯಬೇಕು. ನೇತ್ರವೈದ್ಯರಿಗೆ ತೋರಿಸಬೇಕು, ಪೊರೆಯಂಥ ದೋಷವಿದ್ದು ಅದನ್ನು ತೆಗೆದರೆ ನೋಟಗಳೂ ತೊಲಗುವುದುಂಟು. ನೋಟ ಬಂದಾಗ ದೀಪ ಹಾಕುವುದು, ಎದ್ದು ನಡೆಯುವುದು, ತಲೆಯನ್ನು ಆಡಿಸದೆ ಕಣ್ಣನ್ನು ಮಾತ್ರ ಎಡಕ್ಕೂ ಬಲಕ್ಕೂ ಹಲವು ಸಾರಿ ಹೊರಳಿಸುವುದು, ಯಾರೊಡನೆಯಾದರೂ ಮಾತಿಗೆ ತೊಡಗುವುದು, ಇವು ಸುಲಭವಾದ ಉಪಾಯಗಳು. ಅನೇಕರಿಗೆ ಕಾಲಕ್ರಮದಲ್ಲಿ ನೋಟಗಳು ತಾವಾಗಿಯೇ ವಿರಳವಾಗುತ್ತವೆ. ಕೆಲವರಿಗೆ ವರ್ಷಗಟ್ಟಳೆ ಉಳಿಯುವುದೂ ಉಂಟು.

ಎರಡನೆಯದಾಗಿ, ಎಚ್ಚರದಿಂದಿರಬೇಕು. ಜ್ವರ, ಗೊಂದಲ, ತೊದಲು, ತೀವ್ರ ತಲೆನೋವು ಇವುಗಳೊಡನೆ ನೋಟಗಳು ಹಠಾತ್ತಾಗಿ ಬಂದರೆ, ಅಥವಾ ಕಣ್ಣಿನಲ್ಲಿ ಮಿಂಚು ಹೊಳೆದು ಪರದೆ ಇಳಿದಂತಾದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೋಟದ ಜೊತೆಗೆ ಧ್ವನಿಗಳೂ ಕೇಳಿಸಿದರೆ, ಕಂಡುದೆಲ್ಲ ನಿಜವೆಂಬ ಹಟ ಬಲಿತರೆ, ಮರೆವು ಹೆಚ್ಚಿದರೆ, ಕೈಕಾಲು ಬಿಗಿದು ನಡಿಗೆ ನಿಧಾನವಾದರೆ ನರವೈದ್ಯರ ಅಥವಾ ಮನೋವೈದ್ಯರ ಸಲಹೆ ಅಗತ್ಯ. ಹೊಸ ಔಷಧಿ ಆರಂಭವಾದ ಮೇಲೆ ಬಂದಿದ್ದರೆ ಅದನ್ನು ತಾವಾಗಿಯೇ ನಿಲ್ಲಿಸದೆ, ಕೊಟ್ಟ ವೈದ್ಯರಿಗೆ ತಿಳಿಸಬೇಕು. ಮನಸ್ಸಿನ ರೋಗವೇ ಆಗಿದ್ದರೂ ಅದು ರೋಗವೇ ಹೊರತು ಅಪಕೀರ್ತಿಯಲ್ಲವೆಂಬುದನ್ನು ಮರೆಯಬಾರದು.

ನೇತ್ರವೈದ್ಯರು ಜಿನೀವಾದ ಮುದುಕನ ಕಥೆಯನ್ನು ಹೇಳಿ ಮುಗಿಸಿದಾಗ ನಮ್ಮ ಅತ್ತೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ನನ್ನ ಬುದ್ಧಿ ಸರಿಯಾಗಿದೆ ಅನ್ನಿ” ಎಂದರು. ಎಂಟು ತಿಂಗಳಿನಿಂದ ಅವರಿಗೆ ಬೇಕಾಗಿದ್ದ ಔಷಧಿ ಅದೊಂದೇ ವಾಕ್ಯ. ಅದನ್ನು ಕೊಡುವುದಕ್ಕೆ ನಾವು ಯಾರೂ ಇರಲಿಲ್ಲ. ಮೊಮ್ಮಗಳ ಮದುವೆ ಸುಖವಾಗಿ ನಡೆಯಿತು. ಅತ್ತೆ ಮತ್ತೆ ಜಗಲಿಗೆ ಬಂದು ಕುಳಿತುಕೊಳ್ಳುತ್ತಾರೆ. ಅಂಗಳದ ಮಕ್ಕಳು ಪೂರ್ತಿಯಾಗಿ ಹೋಗಿಲ್ಲ, ಬರುವುದು ಕಡಮೆಯಾಗಿದೆ. “ಬಂದರೆ ಬರಲಿ ಬಿಡಪ್ಪ, ಎಲೆ ಹಾಕುವ ಖರ್ಚೇನೂ ಇಲ್ಲವಲ್ಲ” ಎನ್ನುತ್ತಾರೆ.

ತಮ್ಮ ಮನೆಗಳಲ್ಲಿಯೂ ಕಣ್ಣು ಮಂಜಾದ ಹಿರಿಯರಿರಬಹುದು. ಈ ಹೊತ್ತು ಯಂತ್ರವನ್ನು ನಿಲ್ಲಿಸಿದ ಮೇಲೆ ಅವರ ಹತ್ತಿರ ಸ್ವಲ್ಪ ಕುಳಿತು ವಿಚಾರಿಸಿ ನೋಡಬೇಕೆಂದು ಶ್ರೋತೃಗಳಲ್ಲಿ ನಮ್ಮ ಪ್ರಾರ್ಥನೆ.